ಏಣಿಯಮ್ಮ ಬಡಿಸಿದ ತಂಗಳು

ಹೂವಿನ ಶೀತಗೃಹದಲ್ಲಿ ಅವಳನ್ನು ಎಲ್ಲರೂ ಏಣಿಯಮ್ಮ ಎನ್ನುತ್ತಿದ್ದರು. ಚಾವಣಿಯ ಸೆನ್ಸರುಗಳಿಗೆ ಬ್ಯಾಟರಿ ಹಾಕುವ ಕೆಲಸ. ನೆಲಕ್ಕಿಂತ ಏಣಿಯ ಮೇಲೆಯೇ ಹೆಚ್ಚು ಬಾಳಿದವಳು. ಮೇಲ್ವಿಚಾರಕ ಅವಳ ಸ್ವಂತ ಅಕ್ಕನ ಗಂಡ. ಕೆಲಸ ಕೊಡಿಸಿದ್ದು ತಾನೇ ಎಂದು ಗೋಡೆಗೂ ಹೇಳುವ ಆಸಾಮಿ.

ಭಾವನಿಗೆ ಒಂದು ಚಟ. ಮಾತುಮಾತಿಗೆ ಮೊಬೈಲ್ ಒತ್ತಿ ಒಳಗಿನ ಉಷ್ಣಾಂಶ ನೋಡಬೇಕು. ಒತ್ತಿದಾಗಲೆಲ್ಲ ಮಲಗಿದ್ದ ಸೆನ್ಸರುಗಳು ಎದ್ದು ಉತ್ತರ ಕಳಿಸಬೇಕು, ಬ್ಯಾಟರಿ ಸವೆಯಬೇಕು. ಅವನ್ನು ಕೂರಿಸಿದ ಮೆಕ್ಯಾನಿಕ್ ಅಂದೇ ಇಬ್ಬರೆದುರೂ ಹೇಳಿದ್ದ: "ಬಾಗಿಲ ಹತ್ರದ ಈ ಡಬ್ಬಿಯ ಗುಂಡಿ ಒತ್ತಿಟ್ರೆ, ಹಿಂದಿನ ಉತ್ತರ ನೆನಪಿಟ್ಕೊಂಡು ಅದನ್ನೇ ಕೊಡುತ್ತೆ. ಸೆನ್ಸರು ಗಂಟೆಗೊಮ್ಮೆ ಎದ್ರೆ ಸಾಕು."

"ತಂಗಳು ಯಾರಿಗ್ರೀ ಬೇಕು? ನನಗೆ ಬಿಸಿಬಿಸಿನೇ ಆಗ್ಬೇಕು," ಎಂದಿದ್ದ ಭಾವ, ಆ ಚಳಿಯಲ್ಲಿ ನಡುಗುತ್ತಲೇ.

ಬ್ಯಾಟರಿ ಇಷ್ಟು ಬೇಗ ಯಾಕೆ ಮುಗಿಯುತ್ತದೆ ಎಂದು ಯಜಮಾನರು ಕೇಳಿದರು. ಭಾವ ಉತ್ತರ ಕೊಟ್ಟದ್ದು ಮನೆಯಲ್ಲಿ, ಊಟಕ್ಕೆ ಕೂತ ನೆಂಟರೆದುರು: "ನಮ್ಮ ಏಣಿಯಮ್ಮನ ಚೀಲ ಜಾಲಾಡಿದ್ರೆ ಬ್ಯಾಟರಿ ಸಿಕ್ಕೀತು!"

ಅಕ್ಕ ತಟ್ಟೆ ನೋಡುತ್ತ ಕೂತಳು. ಏಣಿಯಮ್ಮ ಅರ್ಧ ಊಟಕ್ಕೇ ಕೈ ತೊಳೆದಳು. ಆ ಮಾತನ್ನು ಆಡಿದ ಬಾಯಿಗೇ ತಿರುಗಿ ತುರುಕಬೇಕು ಎಂದು ಅಲ್ಲೇ ನಿಶ್ಚಯಿಸಿದಳು.

ಮರುದಿನ ಯಾರಿಗೂ ಹೇಳದೆ ಗುಂಡಿ ಒತ್ತಿದಳು. ಭಾವ ಮೊಬೈಲ್ ಒತ್ತುತ್ತಲೇ ಇದ್ದ. ಡಬ್ಬಿ ಹಳೆಯ ಅಂಕಿ ಬಡಿಸುತ್ತಲೇ ಇತ್ತು. ಸೆನ್ಸರುಗಳು ಸುಖವಾಗಿ ಮಲಗಿದವು. ತಿಂಗಳುಗಟ್ಟಲೆ ಏಣಿ ಗೋಡೆಗೊರಗಿಯೇ ಇತ್ತು.

ಯಜಮಾನರು ಬಂದಾಗ ಹೇಳಿದರು, "ಬ್ಯಾಟರಿ ಈಗ ಚೆನ್ನಾಗಿ ಬಾಳಿಕೆ ಬರ್ತಿದೆಯಲ್ಲ!"

"ನಾನೊಂದು ಕಣ್ಣಿಟ್ಟೆ ಸಾರ್. ಕಳ್ಳಕೈ ತಾನಾಗಿ ನಿಂತಿತು," ಎಂದ ಭಾವ.

ಏಣಿಯಮ್ಮನ ದನಿಯಲ್ಲಿ ಬೆಲ್ಲ ಕರಗಿತು. "ಭಾವ, ಬಾಗಿಲು ತೆಗೆದ ಕೂಡಲೇ ಅಂಕಿ ಏರೋದನ್ನ ಯಜಮಾನ್ರಿಗೂ ತೋರ್ಸಿ."

ಭಾವ ಎದೆಯುಬ್ಬಿಸಿ ಬಾಗಿಲು ಹಾರು ಹೊಡೆದು ಮೊಬೈಲ್ ಒತ್ತಿದ. ಅಂಕಿ ಮಿಸುಕಲಿಲ್ಲ. ಮತ್ತೆ ಒತ್ತಿದ. ಚಳಿಯಲ್ಲೂ ಬೆವರಿದ.

"ಕೆಟ್ಟಿದೆ ಸಾರ್!"

"ಏನೂ ಕೆಟ್ಟಿಲ್ಲ. ಆ ಡಬ್ಬಿಯ ಗುಂಡಿ ತಿಂಗಳುಗಳ ಹಿಂದೇನೇ ಒತ್ತಿಟ್ಟಿದೀನಿ. ಅವತ್ತಿಂದ ನೀವು ತಂಗಳನ್ನೇ ಚಪ್ಪರಿಸ್ತಿದ್ದೀರಿ, ಭಾವ. ಬ್ಯಾಟರಿ ತಿಂತಿದ್ದದ್ದು ನನ್ನ ಚೀಲ ಅಲ್ಲ, ನಿಮ್ಮ ಹೆಬ್ಬೆರಳು."

ಯಜಮಾನರು ಬಿದ್ದುಬಿದ್ದು ನಕ್ಕರು. ಬಾಗಿಲನ್ನು ಭಾವನೇ ಮುಚ್ಚಬೇಕಾಯಿತು.

ಆ ವಾರ ಅದೇ ನೆಂಟರೆದುರು, ಅಕ್ಕ ಮೊಣಕೈಯಿಂದ ತಿವಿದ ಮೇಲೆ, ಭಾವ ಬಾಯಿಬಿಟ್ಟ: "ತಪ್ಪಾಯ್ತಮ್ಮ, ನೀನು ಕದ್ದಿರ್ಲಿಲ್ಲ. ಮೊನ್ನೆ ಕೇಳಿದಾಗ ಕೋಪ ಇಳಿದಿಲ್ಲ ಅಂದಿದ್ದೆ. ಈಗಲಾದ್ರೂ ಇಳೀತಾ?"

ಏಣಿಯಮ್ಮ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದಳು:

"ಸದ್ಯಕ್ಕೆ ಹಳೇ ಉತ್ತರಾನೇ ಇಟ್ಕೊಳ್ಳಿ, ಭಾವ. ಮತ್ತೆ ಮತ್ತೆ ಒತ್ತಬೇಡಿ."