ಎಣ್ಣೆಮಿಲ್ಲಿನ ಶೆಡ್ಡಿನಲ್ಲಿದ್ದ ಹಾಯಿದೋಣಿ

ಲಾರಿಯಿಂದ ದೋಣಿ ಜಾರಿ ಬೀಳಬಹುದಿತ್ತು. ಘಟ್ಟದ ತಿರುವಿನಲ್ಲಿ ಅದರ ಹಾಯಿಕಂಬ ಎದುರು ಬಸ್ಸಿನ ಕಿಟಕಿಗೆ ನುಗ್ಗಬಹುದಿತ್ತು. ನೀರಿಗಿಳಿಸುವಾಗ ಕ್ರೇನಿನ ಪಟ್ಟಿ ಹರಿಯಬಹುದಿತ್ತು. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಮರಳುದಿಬ್ಬಕ್ಕೆ ತಳ ಸಿಕ್ಕಿಕೊಳ್ಳಬಹುದಿತ್ತು, ಎಂಜಿನ್ ಅಲ್ಲೇ ಕೈಕೊಡಬಹುದಿತ್ತು, ಅವ್ವನಿಗೆ ವಾಂತಿಯಾಗಬಹುದಿತ್ತು, ನನಗೆ ಎದೆನೋವು ಬರಬಹುದಿತ್ತು. ಅದು ಗ್ಯಾಸು ಎಂದು ಹೆಂಡತಿ ಎಂದಿನಂತೆ ಹೇಳಬಹುದಿತ್ತು, ಈ ಸಲ ನಿಜಕ್ಕೂ ಎದೆನೋವೇ ಆಗಿರಬಹುದಿತ್ತು. ಚಳ್ಳಕೆರೆಯಿಂದ ಹೊನ್ನಾವರದವರೆಗೆ ಲಾರಿಯ ಹಿಂದೆ ಕಾರಿನಲ್ಲಿ ಕೂತು ನಾನು ಮಾಡಿದ ಕೆಲಸ ಇದೊಂದೇ.

ದೋಣಿ ಹೆಂಡತಿಯ ಆಸೆ. ಮಂಗಳೂರಿನಲ್ಲಿ ಓದುವಾಗ ಹಾಯಿ ನಡೆಸಲು ಕಲಿತವಳು, ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿಯೂ ಮರೆಯಲಿಲ್ಲ. ಹಿಂದಿನ ವರ್ಷ ಹಳೆಯ ಮರದ ಯಾಟ್ ಒಂದನ್ನು ಕೊಂಡೆವು. ಮಳೆಗಾಲ ಬಂದರೆ ಅದನ್ನು ದಡಕ್ಕೆ ಎತ್ತಿಡಬೇಕು. ಕರಾವಳಿಯ ಮಳೆಗೆ ಕೊಳೆತುಹೋದೀತು, ನಮ್ಮೂರಿಗೇ ತರೋಣ ಎಂದವನು ನಾನು. ಮುಚ್ಚಿದ ಎಣ್ಣೆಮಿಲ್ಲಿನ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಲ್ಲಿಸಿದೆ. ಹನಿ ಬೀಳದಂತೆ ತಾಡಪಾಲು ಹೊದಿಸಿದೆ. ಆಷಾಢದ ಗಾಳಿ ಚೆನ್ನಾಗಿ ಆಡಲಿ ಎಂದು ಎರಡೂ ಬಾಗಿಲು ತೆರೆಸಿದೆ.

ಪರಶುರಾಂಪುರದ ಕಡೆಯ ಈರುಳ್ಳಿ ವ್ಯಾಪಾರಿಯೊಬ್ಬ ಒಳಗೆ ಇಣುಕಿ, "ಏನಣ್ಣಾ, ವೇದಾವತಿ ಹೊಳೆ ತುಂಬೋ ತನ ಕಾಯ್ತೀಯೇನು?" ಎಂದ.

"ಹೂಂ. ಅಷ್ಟ್ರಾಗೆ ನೀನು ಈಜು ಕಲ್ತ್ಕೊ" ಎಂದೆ.

ಹೊರಡುವ ಮುನ್ನ ಹೆಂಡತಿಗೆ ಒಂದು ಷರತ್ತು ಹಾಕಿದ್ದೆ. ಹಿಂದಿನ ಸೀಸನ್ನಿನಲ್ಲಿ ದೋಣಿಯ ಚಿಂತೆಗೆ ನಾನು ನಿದ್ದೆ ಮಾಡಿದ್ದು ಕಡಿಮೆ. ಈ ಸಲ ಮೊದಲ ಸುತ್ತಿನಲ್ಲೇ ದೋಣಿ ಒಂದು ತೊಂದರೆ ಕೊಟ್ಟರೂ ಮಾರಿಬಿಡುವುದು. ಅವಳು "ಆಯ್ತು ರೀ" ಎಂದಿದ್ದಳು.

ಬೆಳಿಗ್ಗೆ ನೀರಿಗಿಳಿಸಿದೆವು. ತಳದಲ್ಲಿ ಸ್ವಲ್ಪ ಒದ್ದೆ ಕಂಡಿತು. ಇಳಿಸುವಾಗ ಚಿಮ್ಮಿದ ನೀರಿರಬೇಕು ಎಂದುಕೊಂಡೆವು. ದಡದಲ್ಲಿ ಬಲೆ ಬಿಡಿಸುತ್ತಿದ್ದವರನ್ನು ಒಂದು ಮಾತು ಕೇಳಬಹುದಿತ್ತು. ಚಳ್ಳಕೆರೆಯವರು ಎಂದು ಗೊತ್ತಾದರೆ ನಕ್ಕಾರು ಎಂದು ನಾನೇ ಬೇಡವೆಂದೆ. ಉಬ್ಬರ ಇಳಿಯುವುದರೊಳಗೆ ಹೋಗಿ ಬರಬೇಕಿತ್ತು. ಹೊರಟೆವು. ಮೊಳಕಾಲ್ಮೂರು ಬಿಟ್ಟರೆ ಚಳ್ಳಕೆರೆ ಎಂದು ಬದುಕಿದ ಅವ್ವ ನಡುವೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

ಅಳಿವೆ ದಾಟಿದ ಮೇಲೆ ಹೆಂಡತಿ ಹಾಯಿ ಬಿಚ್ಚಿದಳು. ಗಾಳಿ ತುಂಬಿ ದೋಣಿ ಎಡಕ್ಕೆ ವಾಲಿತು. ಅದುವರೆಗೆ ನೀರಿನ ಮೇಲಿದ್ದ ಎಡಬದಿಯ ಹಲಗೆಗಳು ಮುಳುಗಿದವು. ಒಳಗೆ ನೋಡುತ್ತೇನೆ, ಹಲಗೆ ಹಲಗೆಯ ನಡುವೆ ನೀರು ಸಾಲಾಗಿ ಇಳಿಯುತ್ತಿದೆ.

"ಲಾರೀಲಿ ಎಲ್ಲೋ ಬಿರುಕು ಬಿಟ್ಟೈತೆ!" ಎಂದು ಕಿರುಚಿದೆ.

ಹೆಂಡತಿ ಹಾಯಿ ಇಳಿಸಿ, ಎಂಜಿನ್ ಹಚ್ಚಿ, ದೋಣಿಯನ್ನು ತಿರುಗಿಸಿದಳು. "ರೀ, ಬಕೆಟ್ ತಗೊಳ್ರಿ. ಅತ್ತೆ, ಗಟ್ಟಿ ಹಿಡ್ಕೊಳ್ಳಿ."

ದೋಣಿ ನೆಟ್ಟಗಾದಾಗ ನೀರು ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ನಾನು ಬಕೆಟ್ಟಿನಿಂದ ಎತ್ತಿ ಸುರಿದೆ, ಅವ್ವ ಚೊಂಬಿನಿಂದ. ಎದುರಿಗೆ ಅಳಿವೆಯ ಬಾಗಿಲಲ್ಲಿ ಅಲೆಗಳು ಮುರಿಯುತ್ತಿದ್ದವು. ಹೆಂಡತಿ ಬೆನ್ನ ಹಿಂದಿನ ಅಲೆಗಳನ್ನು ನೋಡುತ್ತ, ತುಟಿ ಕಚ್ಚಿ, ಒಂದನ್ನು ಬಿಟ್ಟಳು, ಇನ್ನೊಂದನ್ನು ಬಿಟ್ಟಳು. ನೀರು ನನ್ನ ಹಿಮ್ಮಡಿ ದಾಟಿತ್ತು. ಮೂರನೆಯದರ ಬೆನ್ನಿಗೇ ದೋಣಿಯನ್ನು ನುಗ್ಗಿಸಿದಳು. ಮರಳುದಿಬ್ಬ ಪಕ್ಕದಲ್ಲೇ ಹಳದಿಯಾಗಿ ಕಂಡು ಹಿಂದಾಯಿತು. ಹೊಳೆಯ ನೀರು ಸಿಕ್ಕಿತು.

ಕಟ್ಟೆಗೆ ಹಗ್ಗ ಬಿಗಿದು ಮಧ್ಯಾಹ್ನವಿಡೀ ನೀರೆತ್ತಿದೆವು. ಯಾರೂ ಷರತ್ತಿನ ಮಾತೆತ್ತಲಿಲ್ಲ. ಹೆಂಡತಿ ಹಲಗೆಯ ಮೇಲೆ ಅಂಗೈ ಊರಿ ಕೂತುಬಿಟ್ಟಿದ್ದಳು, ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತವರ ಹಾಗೆ. ಆಶ್ಚರ್ಯವೆಂದರೆ, ಹೊತ್ತು ಇಳಿದಂತೆ ನೀರು ಬರುವುದೂ ಇಳಿಯಿತು. ಅವ್ವ ಬಾಗಿ ಎರಡು ಹಲಗೆಗಳ ಸಂದಿಗೆ ಉಗುರು ಹಾಕಿ ನೋಡಿ ನನ್ನ ಕಡೆ ತಿರುಗಿದಳು.

"ನಾಯ್ನಾ, ಬ್ಯಾಸಿಗ್ಯಾಗೆ ನಿಮ್ಮಪ್ಪ ಗಾಡಿ ಗಾಲಿ ಬಿಚ್ಚಿ ಕೆರೇಗೆ ಯಾಕೆ ಹಾಕ್ತಿದ್ರು?"

"ಕಟ್ಟಿಗೆ ಒಣಗಿ ಕುಗ್ಗಿದ್ರೆ ಕಬ್ಬಿಣದ ಪಟ್ಟಾ ಸಡಿಲ ಆಗ್ತೈತೆ ಅಂತ. ನೆನೆದ್ರೆ ಉಬ್ಬಿ ಕೂಡ್ತೈತೆ ಅಂತ..." ಎನ್ನುತ್ತ ನಾನು ಮಾತು ನಿಧಾನಿಸಿದೆ.

"ಇದು ಕಟ್ಟಿಗೆ ಅಲ್ವೇನು?"

ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡಿದಳು. "ಹೇಳ್ರಿ. ಮಾರೋದಾ?"

"ದೋಣಿ ಏನೂ ತೊಂದರೆ ಕೊಟ್ಟಿಲ್ವಲ್ಲ" ಎಂದೆ.

ಕೊಟ್ಟಿರಲಿಲ್ಲ. ಗಾಲಿ ನೆನೆಹಾಕಿದ ಮನೆಯಲ್ಲಿ ಬೆಳೆದವನು ನಾನು, ನಾಲ್ಕು ತಿಂಗಳಲ್ಲಿ ದೋಣಿಯ ಮೇಲೆ ಒಂದು ಕೊಡ ನೀರೂ ಸುರಿದಿರಲಿಲ್ಲ.