ಟ್ಯಾಂಕಿನ ಗಾಲಿಯ ಮಣ್ಣು

ಅಪ್ಪ ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವರು. ಅದರದೇ ಪ್ಲಾಸ್ಟಿಕ್ ಮಾದರಿಯ ಕಿಟ್ ತರಿಸಿ, ಮೂಡಲಗಿಯ ಮನೆಯಲ್ಲಿ ಎರಡು ತಿಂಗಳು ಕೂತು ಜೋಡಿಸಿ, ಹಸಿರು ಬಣ್ಣ ಹಚ್ಚಿದೆ. ಅಪ್ಪ ನೋಡಿ, "ಇಷ್ಟ ಸ್ವಚ್ಛ ಟ್ಯಾಂಕ ನಾ ಎಂದೂ ಓಡ್ಸಿಲ್ಲೊ," ಎಂದರು. ತುಕ್ಕಾನಟ್ಟಿಯ ನಮ್ಮ ಹೊಲದ ಎರೆಮಣ್ಣನ್ನು ಗೋಂದಿನಲ್ಲಿ ಕಲಸಿ, ಗಾಲಿಗಳಿಗೆ ತಾವೇ ಮೆತ್ತಿದರು. ಒಣಗಿದ ಮಣ್ಣಿನಲ್ಲಿ ಅವರ ಹೆಬ್ಬೆರಳಿನ ಗುರುತು ಉಳಿಯಿತು.

ಅವರು ತೀರಿಕೊಂಡ ಮೂರನೆಯ ದಿನ ಟ್ಯಾಂಕು ಅವರ ಫೋಟೋದ ಮುಂದೆ ಫಳಫಳ ಹೊಳೆಯುತ್ತಿತ್ತು. ಪೂಜೆಗೆ ಇಡುವ ವಸ್ತುವೆಂದು ಅವ್ವ ತಿಕ್ಕಿ ತೊಳೆದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಗಾಲಿ ಸಂದ್ಯಾಗಿನ ಮಣ್ಣ ಬಿಡವಲ್ದಾಗಿತ್ತು. ಸೂಜಿಲೆ ಕೆದರಿ ತಗದೇನಿ. ನಿಮ್ಮಪ್ಪಗ ಚಲೋ ಕಾಣತೈತಿ, ಹೌದಲ್ಲೊ?"

"ಚಲೋ ಕಾಣತೈತಿ ಅವ್ವಾ," ಎಂದೆ.