ಎರಡು ಸಲ ಬಿದ್ದ ಮದ್ದು

ಕತಾರಿನಲ್ಲಿ ನಾನು ಕಸ ಗುಡಿಸುತ್ತಿದ್ದುದು ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಅಲ್ಲಿ ಕೋವಿ ರಿಪೇರಿ ಮಾಡುವ ಸಾರ್ ಕೊಡಗಿನವರು, ಮಿಲಿಟರಿಯಲ್ಲಿದ್ದು ಬಂದವರು. ಆ ಕಟ್ಟಡದಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ.

ಉಮ್ಮ್ ಸಲಾಲ್ ಎಂಬ ಊರಿನಿಂದ ಒಬ್ಬ ಮುದುಕ ಅರಬಿ ಬರುತ್ತಿದ್ದ. ಭುಜದ ಆಪರೇಷನ್ ಆಗಿತ್ತು. ರೈಫಲ್ಲಿನ ಒದೆತ ಅವನಿಗೆ ತಡೆಯಲಾಗುತ್ತಿರಲಿಲ್ಲ, ಹೊಡೆಯುವ ಚಾಳಿಯೂ ಬಿಟ್ಟಿರಲಿಲ್ಲ. ಅವನಿಗೆಂದು ಸಾರ್ ಮೆತ್ತಗಿನ ತೋಟೆ, ಎಂದರೆ ಕಾರ್ಟ್ರಿಜ್ಜು, ಕಟ್ಟಿಕೊಡುತ್ತಿದ್ದರು. ರೈಫಲ್ಲಿನ ತೋಟೆಗೆ ಪಿಸ್ತೂಲಿನ ಮದ್ದು, ಅದೂ ತಳಕ್ಕಷ್ಟೇ. ಗುಂಡು ನಿಧಾನ ಹೋಗುತ್ತದೆ, ಭುಜಕ್ಕೆ ಪೆಟ್ಟು ಕಡಿಮೆ.

ನಾನು ಊರಿನಲ್ಲಿ ಬೀಡಿ ಕಟ್ಟಿದವಳು. ಬೆರಳು ಚುರುಕು ಎಂದು ಸಾರ್ ತೋಟೆಯ ಖಾಲಿ ಹಿತ್ತಾಳೆ ಕೊಳವೆಗಳನ್ನು ಒರೆಸಿ ತೂತಿನ ಹಲಗೆಯಲ್ಲಿ ನಿಲ್ಲಿಸುವ ಕೆಲಸ ನನಗೆ ಕೊಡುತ್ತಿದ್ದರು. ಮದ್ದು ಮಾತ್ರ ಅವರೇ ಹಾಕುವುದು. ಒಂದೊಂದನ್ನೂ ತೂಗಿ ಸುರಿದು, ಕೊನೆಗೆ ಎಲ್ಲಕ್ಕೂ ಟಾರ್ಚು ಬಿಟ್ಟು ಇಣುಕುವರು. ಯಾಕೆಂದು ನಾನು ಕೇಳಿರಲಿಲ್ಲ.

ಒಂದು ಶುಕ್ರವಾರ ನಲವತ್ತು ಕೊಳವೆಗೆ ಮದ್ದು ಹಾಕಿ, ಟಾರ್ಚು ಬಿಟ್ಟು ನೋಡಿದ್ದೂ ಆಯಿತು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು, ಹೋದರು. ನಾನು ಹಲಗೆಯಲ್ಲಿದ್ದ ಕೊಳವೆಗಳೊಳಗೆ ಇಣುಕಿದೆ. ಅಷ್ಟುದ್ದದ ಕೊಳವೆಯಲ್ಲಿ ಮದ್ದು ಕಂಡೂ ಕಾಣದ ಹಾಗಿತ್ತು. ಊರಿನಲ್ಲಿ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಹೊಗೆಸೊಪ್ಪು ಕಮ್ಮಿಯಾದ ಬೀಡಿಯನ್ನು ಚೆಕ್ಕರ್ ಎಲ್ಲರೆದುರು ಮುರಿದು ಬಿಸಾಡುತ್ತಿದ್ದ. ಕೈಗೆ ಆ ಹೆದರಿಕೆ ಇನ್ನೂ ಇತ್ತು. ಕಮ್ಮಿ ಕಂಡ ಕೆಲವಕ್ಕೆ ಚಮಚದಿಂದ ಇನ್ನಷ್ಟು ಹಾಕಿದೆ. ಉಪಕಾರ ಮಾಡಿದೆ ಎಂದೇ ಎಣಿಸಿದ್ದೆ.

ಸಾರ್ ಬಂದರು. ಮುದುಕ ಆಗಲೇ ಬಾಗಿಲಲ್ಲಿ ನಿಂತು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದ. ಸಾರ್ ಮತ್ತೊಮ್ಮೆ ಟಾರ್ಚು ಬಿಡಲಿಲ್ಲ. ಗುಂಡು ಕೂರಿಸಿ, ಡಬ್ಬಿ ಅವನ ಕೈಗೆ ಕೊಟ್ಟುಬಿಟ್ಟರು. ಅವನು ಹೊಡೆಯುವ ಕಡೆಗೆ ನಡೆದ.

"ಅಷ್ಟು ಕಮ್ಮಿ ಮದ್ದಿಗೆ ಗುಂಡು ಆಚೆ ಹೋಗ್ತದಾ ಸಾರ್?" ಎಂದೆ.

"ಧಾರಾಳ ಹೋಗ್ತದೆ ಅಕ್ಕ. ಇದಕ್ಕಿಂತ ಕಮ್ಮಿ ಆದ್ರೆ ಗುಂಡು ನಳಿಗೆಯಲ್ಲೇ ಸಿಕ್ಕಿಬೀಳೋದು. ಭಯ ಇರೋದು ಡಬಲ್ ಬಿದ್ರೆ. ಈ ಮದ್ದು ಸರ್ರನೆ ಉರೀತದೆ. ಕೋವಿ ಒಡೆದು ಮುಖಕ್ಕೇ ಬರ್ತದೆ."

"ನಾನು ಸ್ವಲ್ಪ ಹಾಕಿದೆ."

"ಎಂಥದ್ದು?"

"ಮದ್ದು. ಕಮ್ಮಿ ಉಂಟಲ್ಲ ಅಂತ."

ಅವರು ಬೈಯಲೂ ನಿಲ್ಲಲಿಲ್ಲ, ಓಡಿದರು. ಹೊಡೆಯುವ ಸಾಲಿಗೆ ನಾವು ಗುಡಿಸುವವರು ಹೋಗುವ ಹಾಗಿಲ್ಲ. ನಾನೂ ಹೋದೆ. ಮುದುಕ ಕಿವಿಗೆ ಮುಚ್ಚಳ ಹಾಕಿ ರೈಫಲ್ಲಿಗೆ ಕೆನ್ನೆ ಇಟ್ಟಿದ್ದ. ಕೂಗಿದ್ದು ಕೇಳಲಿಲ್ಲ. ಸಾರ್ ಅವನ ಕೈ ಹಿಡಿದರು. ಒಂದೂ ಹೊಡೆದಿರಲಿಲ್ಲ.

"ಯಾವುದಕ್ಕೆ ಹಾಕಿದ್ರಿ?" ಎಂದು ಸಾರ್ ನನ್ನನ್ನು ಕೇಳಿದರು.

"ಗೊತ್ತಿಲ್ಲ. ಎಲ್ಲ ಒಂದೇ ಹಾಗೆ ಉಂಟಲ್ಲ."

"ಭೇಷ್! ನಿಮ್ಮ ಬೀಡಿಯಾದ್ರೂ ಸೇದಿದ್ರೆ ಕೆಮ್ಮು ಬರ್ತದೆ, ಅಷ್ಟೇ."

ನಲವತ್ತನ್ನೂ ಬಿಚ್ಚಿದರು. ಮುದುಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದ. ಆರರಲ್ಲಿ ಮದ್ದು ಹೆಚ್ಚು ಸುರಿಯಿತು. ಯಾರು ಮಾಡಿದ್ದು ಎಂದು ಅವನು ಹಿಂದಿಯಲ್ಲಿ ಕೇಳಿದ. ಸಾರ್ "ನಾನು" ಎನ್ನಲು ಬಾಯಿ ತೆರೆದಿದ್ದರು. ನಾನು ಮೊದಲೇ ಕೈ ಎತ್ತಿ "ಮೈನೆ" ಎಂದೆ. ಮಾಡಿದ್ದು ನಾನು. ಅವರಿಗೂ ಹೆಂಡತಿ ಮಕ್ಕಳಿದ್ದರು.

ಮುದುಕ ನನ್ನನ್ನು ನೋಡಿದ, ಆ ಆರು ಕೊಳವೆಗಳನ್ನು ನೋಡಿದ. "ಖಲಾಸ್" ಎಂದು ಎದ್ದುಹೋದ. ನನ್ನ ಕೆಲಸ ಖಲಾಸೋ, ಮಾತು ಖಲಾಸೋ ಎಂದು ತಿಳಿಯದೆ ವಾರವಿಡೀ ಚೀಲ ಕಟ್ಟಿಟ್ಟುಕೊಂಡಿದ್ದೆ. ಯಾರೂ ಕರೆಯಲಿಲ್ಲ.

ಆಮೇಲೆ ಸಾರ್ ಎದ್ದು ಹೋದಾಗಲೆಲ್ಲ ಹಲಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ತಪ್ಪೇನಿಲ್ಲ. ನಾನಾಗಿದ್ದರೂ ಹಾಕುತ್ತಿದ್ದೆ.